ನೇರಳೆ ಮಾರ್ಗದಲ್ಲಿ ಚಂದ್ರಪುರ

ಗಂಗಾತೀರದ ಊರೊಂದು ಬೆಂಗಳೂರಿನ ದಂಡುಪ್ರದೇಶದಲ್ಲಿದೆ ಅಂದರೆ ಯಾರು ನಂಬುತ್ತಾರೆ? ಆದರೂ ಅದು ನಿಜ. ಇ.ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯ ಚಂದ್ರಪುರ ಆ ಊರು. ಪಟನಾದ ಮಗ್ಗುಲಿನ ಬಂಕಿಪುರವನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ಅದನ್ನು ಕಟ್ಟಿದರು. ಅರವತ್ತು ವರ್ಷಗಳ ಮೇಲೆ ಡೇವಿಡ್ ಲೀನ್ ಕಾದಂಬರಿಯನ್ನು ತೆರೆಗೆ ತಂದಾಗ ಚಂದ್ರಪುರ ಎದ್ದು ನಿಂತದ್ದು ಬಿಹಾರದಲ್ಲಲ್ಲ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಮತ್ತು ರೆಸಿಡೆನ್ಸಿ ರಸ್ತೆಯ ಬೆಂಗಳೂರು ಕ್ಲಬ್ಬಿನಲ್ಲಿ. ಪುಸ್ತಕವನ್ನು ಎಷ್ಟೋ ಸಲ ಓದಿದ್ದೆ, ಸಿನಿಮಾವನ್ನು ಎಷ್ಟೋ ಸಲ ನೋಡಿದ್ದೆ. ಎರಡನ್ನೂ ತಲೆಯಲ್ಲಿ ಹೊತ್ತು, ಬಲ್ಲ ಬೀದಿಗಳಲ್ಲೇ ಆ ಊರನ್ನು ಹುಡುಕಿಕೊಂಡು ಹೋಗಬೇಕೆಂಬ ಆಸೆ ಬಹಳ ದಿನಗಳದು.

ಕೆ.ಆರ್. ಪುರದ ಮೆಟ್ರೊ ನಿಲ್ದಾಣದಲ್ಲಿ ಭಾನುವಾರ ಬೆಳಗಿನ ಜನ ಇನ್ನೂ ತೆಳುವಾಗಿತ್ತು. ಒಂದು ಪಕ್ಕ ತೂಗುಸೇತುವೆಯ ಹಗ್ಗಗಳು ಬಿಸಿಲಿಗೆ ಮಿನುಗುತ್ತಿದ್ದವು, ಕೆಳಗೆ ರೈಲು ನಿಲ್ದಾಣದಿಂದ ಹೊರಬಿದ್ದವರು ಬಸ್ಸಿಗೆ ಓಡುತ್ತಿದ್ದರು. ನೇರಳೆ ಮಾರ್ಗದ ಗಾಡಿ ಬಂತು. ನನ್ನ ಎದುರಿಗೆ ಕುಳಿತ ಹುಡುಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಫೋನಿನಲ್ಲಿ ಯಾವುದೋ ಸರಣಿ ನೋಡುತ್ತಿದ್ದಳು. ಇಣುಕಿದರೆ ಹಳದಿ ಚಿಟ್ಟೆಗಳು, ಜವುಗು ನೆಲ, ಹೊಸದಾಗಿ ಕಟ್ಟುತ್ತಿರುವ ಒಂದು ಹಳ್ಳಿ. ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್ ಅವರ ಕಾದಂಬರಿಯ ಊರು ಮಕೊಂಡೊ! ಬದುಕಿರುವ ತನಕ ಆ ಕಾದಂಬರಿಯನ್ನು ಸಿನಿಮಾ ಮಾಡಲು ಅವರು ಒಪ್ಪಿರಲಿಲ್ಲ. ಆಮೇಲೆ ಮನೆಯವರು ಒಪ್ಪಿದರು. ಸ್ಪ್ಯಾನಿಷ್ ಭಾಷೆಯಲ್ಲೇ, ಕೊಲಂಬಿಯಾದ ನೆಲದಲ್ಲೇ ಚಿತ್ರಿಸಿದ ಸರಣಿ 2024ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸಿಗೆ ಬಂತು. ಟಿನ್ ಫ್ಯಾಕ್ಟರಿಯ ತಲೆಯ ಮೇಲೆ ಹಾಯುತ್ತಿರುವ ರೈಲಿನಲ್ಲಿ, ಅಂಗೈಯಗಲದ ಪರದೆಯ ಮೇಲೆ, ಅಷ್ಟು ದೂರದ ಒಂದು ಊರು ಹುಟ್ಟುತ್ತಿತ್ತು. ನನಗೆ ಮೈ ಜುಮ್ಮೆಂದಿತು.

ಫಾರ್ಸ್ಟರ್ ಕೂಡ ಹಾಗೆಯೇ ಹಟ ಹಿಡಿದವರು. 1970ರಲ್ಲಿ ಸಾಯುವವರೆಗೂ ಈ ಕಾದಂಬರಿಯ ಸಿನಿಮಾ ಹಕ್ಕನ್ನು ಯಾರಿಗೂ ಕೊಡಲಿಲ್ಲ. ಸತ್ಯಜಿತ್ ರಾಯ್ ಅವರಿಗೂ ಇದನ್ನು ಚಿತ್ರವಾಗಿಸುವ ಆಸೆಯಿತ್ತು. ಫಾರ್ಸ್ಟರ್ ಒಪ್ಪಿದ್ದು ನಾಟಕಕ್ಕೆ. ಅದನ್ನು ಬರೆದವರು ಸಾಂತಾ ರಾಮರಾವ್, ಮಂಗಳೂರು ಮೂಲದ ಬೆನಗಲ್ ಮನೆತನದ ಹೆಣ್ಣುಮಗಳು. ತಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮರಾವ್, ತಾಯಿ ಹುಬ್ಬಳ್ಳಿಯಲ್ಲಿ ಹುಟ್ಟಿದ ಧನವಂತಿ ರಾಮರಾವ್. 1960ರಲ್ಲಿ ಆಕ್ಸ್‌ಫರ್ಡಿನಲ್ಲಿ ರಂಗವೇರಿದ ಆ ನಾಟಕ ಲಂಡನ್ನಿಗೂ ನ್ಯೂಯಾರ್ಕಿಗೂ ಹೋಯಿತು. ಲೀನ್ ಅವರ ಚಿತ್ರದ ಶೀರ್ಷಿಕೆಗಳಲ್ಲಿ ಕಾದಂಬರಿಯ ಜೊತೆಗೆ ಈ ನಾಟಕದ ಹೆಸರೂ ಇದೆ. ನಮ್ಮ ಕರಾವಳಿಯ ಮನೆತನದ ಹೆಸರು ಅಲ್ಲಿ ಮೂಡಿದಾಗಲೆಲ್ಲ ನನಗೊಂದು ಹೆಮ್ಮೆ.

ಬೈಯಪ್ಪನಹಳ್ಳಿ ದಾಟಿ, ಇಂದಿರಾನಗರದ ಮಾಳಿಗೆಗಳ ಸಮಕ್ಕೆ ತೇಲಿ, ಗಾಡಿ ಹಲಸೂರಿಗೆ ಬಂತು. ಇಲ್ಲಿ ಇಳಿದೆ. ದಂಡಿಗಿಂತ ಹಳೆಯ ಊರು ಹಲಸೂರು. ಸೋಮೇಶ್ವರ ದೇವಸ್ಥಾನದ ಕಂಬಗಳು ಇಂಗ್ಲಿಷರ ತುತ್ತೂರಿ ಕೇಳುವ ಮೊದಲೇ ಶತಮಾನಗಳನ್ನು ಕಂಡಿದ್ದವು. 1809ರಲ್ಲಿ ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತ ಬ್ರಿಟಿಷ್ ಸೈನ್ಯ ಇಲ್ಲಿಗೆ ಬಂದು ಬೀಡುಬಿಟ್ಟಿತು. ದೇವಸ್ಥಾನದ ಸುತ್ತಲಿನ ಓಣಿಗಳಲ್ಲಿ ಹಿತ್ತಾಳೆ ಪಾತ್ರೆ, ಹೂವು, ಕರಿಬೇವು, ಕನ್ನಡ-ತಮಿಳು-ತೆಲುಗು ಬೆರೆತ ಮಾತು. ಅಲ್ಲಿಂದ ಪಶ್ಚಿಮಕ್ಕೆ ನಡೆದು ಟ್ರಿನಿಟಿ ಚರ್ಚ್ ಮುಟ್ಟುವಷ್ಟರಲ್ಲಿ ಊರಿನ ಹದವೇ ಬೇರೆಯಾಗುತ್ತದೆ. ಓಣಿ ಮುಗಿದು ರಸ್ತೆ ಅಗಲವಾಗುತ್ತದೆ, ಮನೆಗಳು ಹಿಂದೆ ಸರಿದು ಮುಂದೆ ಮರಗಳು ನಿಲ್ಲುತ್ತವೆ.

ನಾನು ತಡೆದು ನಿಂತೆ. ಫಾರ್ಸ್ಟರ್ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಒಬ್ಬ ಮನುಷ್ಯನೂ ಇಲ್ಲ, ಬರೀ ಊರಿನ ವಿನ್ಯಾಸ. ಕೆಳಗೆ ಹೊಳೆಯ ಬದಿಗೆ ಭಾರತೀಯರ ಇಕ್ಕಟ್ಟಾದ ಪೇಟೆ, ದಿಬ್ಬದ ಮೇಲೆ ಸಾಹೇಬರ ಅಚ್ಚುಕಟ್ಟಾದ ಬಂಗಲೆಗಳು, ನಡುವೆ ಕೊಡುಕೊಳ್ಳುವಿಕೆ ಇಲ್ಲ. ಇಡೀ ಕಥೆಯ ನೋವು ಆ ವಿನ್ಯಾಸದಲ್ಲೇ ಅಡಗಿದೆ. ಬೆಂಗಳೂರು ಅದನ್ನು ಬಾಳಿ ತೋರಿಸಿದ ಊರು. 1881ರಿಂದ 1947ರವರೆಗೆ ಇಲ್ಲಿ ಎರಡು ಆಡಳಿತ. ಪೇಟೆ ಮೈಸೂರು ಮಹಾರಾಜರದು, ದಂಡು ಬ್ರಿಟಿಷ್ ರೆಸಿಡೆಂಟರದು. ನಡುವೆ ಕಬ್ಬನ್ ಪಾರ್ಕಿನ ಹಸಿರು. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಹೀಗಾಗಿ ಚಂದ್ರಪುರದ ವೇಷ ಹಾಕಲು ಬೆಂಗಳೂರಿಗೆ ಹೆಚ್ಚು ಬಣ್ಣ ಬೇಕಾಗಿರಲಿಲ್ಲ. ಗಂಗೆಯೊಂದನ್ನು ಬಿಟ್ಟರೆ ಎಲ್ಲವೂ ಇಲ್ಲಿತ್ತು.

ಮಹಾತ್ಮ ಗಾಂಧಿ ರಸ್ತೆ ಆಗ ಸೌತ್ ಪರೇಡ್. ಟ್ರಿನಿಟಿ ವೃತ್ತದ ಲಿಡೊ ಚಿತ್ರಮಂದಿರ ಇದ್ದ ಕಡೆ ಈಗ ಮಾಲ್ ಇದೆ. 1936ರ ಪ್ಲಾಜಾ ಇದ್ದ ನೆಲದಲ್ಲಿ ಮೆಟ್ರೊ ನಿಲ್ದಾಣ ನಿಂತಿದೆ. ಬ್ರಿಗೇಡ್ ರಸ್ತೆಯ ರೆಕ್ಸ್ ಕೂಡ ಮುಚ್ಚಿತು. ಹಾಲಿವುಡ್ಡಿನ ದೊಡ್ಡ ದೊಡ್ಡ ಕಾದಂಬರಿ-ಚಿತ್ರಗಳನ್ನು ಬೆಂಗಳೂರಿಗರು ನೋಡುತ್ತಿದ್ದುದು ಈ ಸಾಲಿನ ಟಾಕೀಸುಗಳಲ್ಲೇ. ಉಳಿದಿರುವ ಹೆಸರುಗಳಲ್ಲಿ ನನಗೆ ಪ್ರಿಯವಾದದ್ದು ಶಂಕರ್‌ನಾಗ್ ಚಿತ್ರಮಂದಿರ. ಬೆಂಗಳೂರಿಗೊಂದು ಮೆಟ್ರೊ ಬೇಕೆಂದು ಎಂಬತ್ತರ ದಶಕದಲ್ಲೇ ಕನಸು ಕಂಡವರು ನಟ ಶಂಕರ್‌ನಾಗ್. ಅವರ ಹೆಸರಿನ ಮುಂದೆಯೇ ಆ ಕನಸಿನ ರೈಲು ಹಾದುಹೋಗುವುದನ್ನು ಕಂಡು ಎದೆ ತುಂಬಿತು.

ರೆಸಿಡೆನ್ಸಿ ರಸ್ತೆಯ ಬೆಂಗಳೂರು ಕ್ಲಬ್ಬಿನ ಗೇಟಿನಲ್ಲಿ ಹಿರಿಯ ಸ್ನೇಹಿತರೊಬ್ಬರು ಕಾದಿದ್ದರು. ಅವರು ಸದಸ್ಯರು, ನಾನು ಅತಿಥಿ. “ಕಾಲರ್ ಇರೋ ಶರ್ಟು, ಷೂ ಹಾಕ್ಕೊಂಡು ಬನ್ನಿ” ಎಂದು ಹಿಂದಿನ ದಿನವೇ ಫೋನ್ ಮಾಡಿ ಹೇಳಿದ್ದರು. 1868ರಲ್ಲಿ ಯುನೈಟೆಡ್ ಸರ್ವಿಸ್ ಕ್ಲಬ್ ಎಂದು ಶುರುವಾಗಿ 1946ರಲ್ಲಿ ಬೆಂಗಳೂರು ಕ್ಲಬ್ ಆದ ಸಂಸ್ಥೆ ಇದು. ಒಳಗಿನ ಹಳೆಯ ಲೆಡ್ಜರಿನಲ್ಲಿ, ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ, ಲೆಫ್ಟಿನೆಂಟ್ ಡಬ್ಲ್ಯು.ಎಲ್.ಎಸ್. ಚರ್ಚಿಲ್ ಹೆಸರಿನಲ್ಲಿ 13 ರೂಪಾಯಿ ಇದೆ. ಬಂದವರೆಲ್ಲ ಅದನ್ನು ನೋಡುತ್ತಾರೆ, ನಾನೂ ನೋಡಿದೆ. ಆದರೆ ನನ್ನ ಕಣ್ಣು ಹುಡುಕುತ್ತಿದ್ದುದು ಮೊಗಸಾಲೆಯನ್ನು.

ಎತ್ತರದ ಬಿಳಿ ಕಂಬಗಳು. ಕಂಬದಿಂದ ಕಂಬಕ್ಕೆ ನೆರಳು. ಬೆತ್ತದ ಕುರ್ಚಿಗಳಲ್ಲಿ ಕುಳಿತವರ ಮುಂದೆ ಹುಲ್ಲುಹಾಸು, ಅದರಾಚೆ ಮಳೆಮರಗಳು, ಮರಗಳಾಚೆ ಗೋಡೆ, ಗೋಡೆಯಾಚೆ ಊರಿನ ಸದ್ದು. ಹಾರ್ನುಗಳೆಲ್ಲ ಇಲ್ಲಿಗೆ ಬರುವಷ್ಟರಲ್ಲಿ ಮೆತ್ತಗಾಗಿದ್ದವು. ಕಾದಂಬರಿಯಲ್ಲಿ ಬೆಳದಿಂಗಳ ರಾತ್ರಿ ಮಸೀದಿಯಲ್ಲಿ ಭೇಟಿಯಾದ ವೃದ್ಧೆ ಮಿಸೆಸ್ ಮೂರ್ ಅವರನ್ನು ಡಾಕ್ಟರ್ ಅಜೀಜ್ ಕ್ಲಬ್ಬಿನ ತನಕ ಬಿಟ್ಟುಬರುತ್ತಾನೆ. ಸದಸ್ಯಳಾಗಿದ್ದರೆ ನಿನ್ನನ್ನು ಒಳಗೆ ಕರೆಯುತ್ತಿದ್ದೆ ಎಂಬರ್ಥದ ಮಾತನ್ನು ಆಕೆ ಹೇಳುತ್ತಾರೆ. ಭಾರತೀಯರಿಗೆ ಅತಿಥಿಗಳಾಗಿಯೂ ಪ್ರವೇಶವಿಲ್ಲವೆಂದು ಅವನು ಶಾಂತವಾಗಿ ಉತ್ತರಿಸುತ್ತಾನೆ. ಪುಸ್ತಕದಲ್ಲಿ ಅದು ಎರಡು ಸಾಲು. ಆ ಎರಡು ಸಾಲಿನ ಭಾರ ಏನೆಂಬುದು ನನಗೆ ಪೂರ್ತಿ ತಿಳಿದದ್ದು ಇಲ್ಲಿ, ಈ ಮೆಟ್ಟಿಲ ಮೇಲೆ, ಅತಿಥಿಯಾಗಿ ನಿಂತಾಗ. ಹುಲ್ಲುಹಾಸಿನ ಅಂಚಿನಿಂದ ಮೊಗಸಾಲೆಗೆ ಏಳೆಂಟು ಹೆಜ್ಜೆ ಇರಬಹುದು. ಒಂದು ಕಾಲದಲ್ಲಿ ಆ ಏಳೆಂಟು ಹೆಜ್ಜೆಯನ್ನು ಒಬ್ಬ ಡಾಕ್ಟರಿಗೂ ದಾಟಲಾಗುತ್ತಿರಲಿಲ್ಲ.

ಲೀನ್ ಚಂದ್ರಪುರದ ಕ್ಲಬ್ಬಿಗೆ ಈ ಕಟ್ಟಡವನ್ನು ಆರಿಸಿಕೊಂಡದ್ದೇಕೆ ಎಂದು ಯಾರೂ ವಿವರಿಸಬೇಕಾಗಿಲ್ಲ. ಲೇಖಕ ಒಂದು ವಾಕ್ಯದಲ್ಲಿ ‘ಕ್ಲಬ್ಬು’ ಎಂದು ಬರೆದು ಮುಂದೆ ಹೋಗಬಹುದು. ಕ್ಯಾಮೆರಾಕ್ಕೆ ಕಂಬ ಬೇಕು, ಮೆಟ್ಟಿಲು ಬೇಕು, ಒಳಗಿನವರು ಕುಳಿತುಕೊಳ್ಳುವ ಮತ್ತು ಹೊರಗಿನವರು ನಿಂತುಕೊಳ್ಳುವ ಜಾಗ ಬೇಕು. “ನೀವು ಕಟ್ಟಡ ನೋಡೋಕೆ ಬಂದ್ರಾ, ದೂರ ಅಳೆಯೋಕೆ ಬಂದ್ರಾ?” ಎಂದು ಸ್ನೇಹಿತರು ಕೇಳಿದರು. ಅವರು ಕೇಳಿದ್ದು ಸರಿಯಾಗಿತ್ತು. ನಾನು ಬಂದದ್ದು ದೂರ ಅಳೆಯಲಿಕ್ಕೇ.

ಕ್ಲಬ್ಬಿನಿಂದ ಹೊರಬಿದ್ದರೆ ಸೇಂಟ್ ಮಾರ್ಕ್ಸ್ ರಸ್ತೆ ಹತ್ತಿರ. ‘ಸಂಸ್ಕಾರ’ದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಮತ್ತು ಅದರಲ್ಲಿ ಚಂದ್ರಿಯಾದ ಸ್ನೇಹಲತಾ ಅವರ ಮನೆ ಇದ್ದದ್ದು ಈ ರಸ್ತೆಯಲ್ಲಿ. ಅನಂತಮೂರ್ತಿಯವರ ಆ ಕಾದಂಬರಿಯ ಕಥೆ ಇನ್ನೂ ಬೆರಗಿನದು. ಅವರು ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಗುರು ಮಾಲ್ಕಮ್ ಬ್ರಾಡ್‌ಬರಿ ಜೊತೆ ಇಂಗ್ಮಾರ್ ಬರ್ಗ್‌ಮನ್ ಅವರ ‘ದಿ ಸೆವೆಂತ್ ಸೀಲ್’ ನೋಡಿದರು. ಆ ಚಿತ್ರ ಎಬ್ಬಿಸಿದ ತಳಮಳದಿಂದ ತೀರ್ಥಹಳ್ಳಿ ಸೀಮೆಯ ಅಗ್ರಹಾರದ ಕಾದಂಬರಿ ಹುಟ್ಟಿ 1965ರಲ್ಲಿ ಅಚ್ಚಾಯಿತು. ಐದು ವರ್ಷಗಳಲ್ಲಿ ಅದೇ ಮತ್ತೆ ಸಿನಿಮಾ ಆಯಿತು. ಚಿತ್ರಕಥೆ ಗಿರೀಶ ಕಾರ್ನಾಡರದು, ಪ್ರಾಣೇಶಾಚಾರ್ಯರೂ ಅವರೇ. ನಾರಣಪ್ಪ ಪಿ. ಲಂಕೇಶ್, ಸಂಗೀತ ರಾಜೀವ ತಾರಾನಾಥರದು, ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್ ಅವರದು. ಸೆನ್ಸಾರ್ ಮಂಡಳಿ ಮೊದಲು ತಡೆದ ಚಿತ್ರಕ್ಕೇ ಆಮೇಲೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಬಂತು. ಚಿತ್ರೀಕರಣಕ್ಕೆ ಅವರು ಹೋದದ್ದು ಶೃಂಗೇರಿ ಬಳಿಯ ವೈಕುಂಠಪುರಕ್ಕೆ. ಅಗ್ರಹಾರವನ್ನು ಅಗ್ರಹಾರದಲ್ಲೇ ಹಿಡಿದರು. ಸ್ನೇಹಲತಾ ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಸೇರಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅವರಿಗೊಂದು ನಮಸ್ಕಾರ ಹೇಳದೆ ಈ ರಸ್ತೆಯನ್ನು ದಾಟಲು ನನಗೆ ಮನಸ್ಸಾಗಲಿಲ್ಲ.

ಅಲ್ಲಿಂದ ಕಮರ್ಷಿಯಲ್ ಸ್ಟ್ರೀಟ್ ಬಳಸಿ ಶಿವಾಜಿನಗರ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಕಮಾನಿನ ಕೆಳಗೆ ಗುಲಾಬಿ, ಸೇವಂತಿಗೆ, ಕನಕಾಂಬರದ ಗುಡ್ಡೆಗಳು. ಬಸಿಲಿಕಾದ ಗೋಪುರದ ಗಂಟೆ, ಮಸೀದಿಯ ಅಜಾನ್, ಬಸ್ ಸ್ಟ್ಯಾಂಡಿನ ಕೂಗು ಒಂದರ ಮೇಲೊಂದು ಬೀಳುತ್ತವೆ. ಹೂವಿನವರೊಬ್ಬರು ಬಾಳೆನಾರಿಗೆ ಮಲ್ಲಿಗೆ ಕಟ್ಟುತ್ತಿದ್ದರು. ಬೆರಳುಗಳು ಎಷ್ಟು ಚುರುಕೆಂದರೆ ಗಂಟು ಬಿದ್ದದ್ದು ಕಾಣಿಸುವುದಿಲ್ಲ, ಮಾಲೆ ಬೆಳೆದದ್ದು ಮಾತ್ರ ಕಾಣುತ್ತದೆ. “ಎಷ್ಟು ಮೊಳ ಕೊಡ್ಲಿ ಸಾರ್?” ಎಂದರು. ಬೆರಳ ತುದಿಯಿಂದ ಮೊಣಕೈವರೆಗೆ ಅಳೆದು ಕೊಟ್ಟರು.

ನನ್ನಲ್ಲಿ ಒಂದು ಪ್ರಶ್ನೆ ಎದ್ದದ್ದು ಅಲ್ಲೇ. ಇಷ್ಟು ಜೀವಂತ ಬಜಾರು ಪಕ್ಕದಲ್ಲೇ ಇರುವಾಗ ಲೀನ್ ಅರಮನೆ ಮೈದಾನದಲ್ಲಿ ಸುಳ್ಳು ಬಜಾರು ಕಟ್ಟಿಸಿದ್ದೇಕೆ? ಸುತ್ತ ನೋಡಿದೆ. ಹೂವಿನ ಬುಟ್ಟಿ, ತಕ್ಕಡಿ, ಕಮಾನು, ಮಸೀದಿಯ ಮಿನಾರು 1920ರ ದಶಕದವೇ ಇರಬಹುದು. ಆದರೆ ತಲೆಯ ಮೇಲೆ ತಂತಿಗಳ ಜಾಲ, ಬಲ್ಬುಗಳ ಸಾಲು, ನೀಲಿ ಟಾರ್ಪಾಲು, ಹೂವಿನವರ ಗಲ್ಲಾಪೆಟ್ಟಿಗೆಗೆ ಅಂಟಿಸಿದ ಕ್ಯೂಆರ್ ಕೋಡು, ಆಟೋಗಳು. ಚಿತ್ರೀಕರಣ ನಡೆದ 1983ರಲ್ಲೂ ತಂತಿ, ಟ್ಯೂಬ್‌ಲೈಟು, ಆಟೋ ಇದ್ದವು. ಇವನ್ನೆಲ್ಲ ಕಿತ್ತುಹಾಕಬೇಕೆಂದರೆ ಇಲ್ಲಿಯ ನೂರಾರು ಜನರ ಹೊಟ್ಟೆಪಾಡನ್ನು ನಿಲ್ಲಿಸಬೇಕಿತ್ತು. ಕಾದಂಬರಿಯಲ್ಲಿ ‘ಆ ಕಾಲ’ ಎಂಬುದು ಬರೆದ ತಕ್ಷಣ ಆಗಿಬಿಡುತ್ತದೆ. ಸಿನಿಮಾದಲ್ಲಿ ಅದನ್ನು ಒಂದೊಂದು ಮೊಳೆ ಹೊಡೆದು ಕಟ್ಟಬೇಕು.

ಕಟ್ಟಿದವರು ಜಾನ್ ಬಾಕ್ಸ್. ಲೀನ್ ಜೊತೆ ‘ಲಾರೆನ್ಸ್ ಆಫ್ ಅರೇಬಿಯಾ’ ಮತ್ತು ‘ಡಾಕ್ಟರ್ ಜಿವಾಗೊ’ ಚಿತ್ರಗಳಿಗೆ ಕಲಾವಿನ್ಯಾಸ ಮಾಡಿ ಆಸ್ಕರ್ ಗೆದ್ದವರು. ಪಾಸ್ತರ್ನಾಕರ ಕಾದಂಬರಿಯ ಮಾಸ್ಕೋವನ್ನು ಸ್ಪೇನಿನ ಮ್ಯಾಡ್ರಿಡ್ ಬಳಿ ಎಬ್ಬಿಸಿ ನಿಲ್ಲಿಸಿದ್ದ ಅದೇ ಕೈ ಬಿಹಾರವನ್ನು ವಸಂತನಗರದಲ್ಲಿ ನಿಲ್ಲಿಸಿತು. ಶಿವಾಜಿನಗರದಿಂದ ಆಟೋ ಹಿಡಿದು ದಂಡು ರೈಲು ನಿಲ್ದಾಣದ ಮುಂದಿನಿಂದ ಆ ಕಡೆಗೆ ಹೊರಟೆ. 1864ರಲ್ಲಿ ಬೆಂಗಳೂರಿನ ಮೊದಲ ರೈಲು ಜೋಲಾರಪೇಟೆಗೆ ಹೊರಟ ಜಾಗ ಈ ನಿಲ್ದಾಣ. ಆದರೂ ಚಿತ್ರದಲ್ಲಿ ಕಥೆಯ ಮರಬಾರ್ ಗುಹೆಗಳ ಕಡೆ ಹೊರಟ ರೈಲು ಹತ್ತುವುದು ನೀಲಗಿರಿಯ ಬೆಟ್ಟದ ಹಳಿಯನ್ನು. ಕಾದಂಬರಿಯ ಬಯಲುಸೀಮೆಯ ಪಯಣ ತೆರೆಯ ಮೇಲೆ ಕಣಿವೆಗಳ ಅಂಚಿನಲ್ಲಿ ಮೈ ನವಿರೇಳಿಸುತ್ತದೆ.

ಅರಮನೆಯ ಗೋಪುರಗಳ ಕೆಳಗೆ ಮೈದಾನ ವಿಶಾಲವಾಗಿ ಬಿದ್ದಿತ್ತು. ಒಂದು ಕಡೆ ಮದುವೆಯ ಶಾಮಿಯಾನ ಏಳುತ್ತಿತ್ತು. ಬಿದಿರು ಹೊತ್ತವರು, ಬಟ್ಟೆ ಬಿಗಿಯುವವರು, ಸಂಜೆಯೊಳಗೆ ಮುಗಿಸಬೇಕೆಂದು ಅವಸರಪಡಿಸುವ ಮೇಸ್ತ್ರಿ. ಚಂದ್ರಪುರದ ಅಂಗಡಿಸಾಲು ಕೂಡ ಹೀಗೆಯೇ ಎದ್ದಿರಬೇಕು, ಹೀಗೆಯೇ ಒಂದು ದಿನ ಬಿಚ್ಚಿಕೊಂಡು ಹೋಗಿರಬೇಕು. ವಿಕ್ಟರ್ ಬ್ಯಾನರ್ಜಿ, ಜೂಡಿ ಡೇವಿಸ್, ಅಲೆಕ್ ಗಿನ್ನೆಸ್, ಸಯೀದ್ ಜಾಫ್ರಿ, ರೋಶನ್ ಸೇಠ್ ಅಭಿನಯಿಸಿದ ಆ ಚಿತ್ರ 11 ಆಸ್ಕರ್ ನಾಮನಿರ್ದೇಶನ ಪಡೆಯಿತು. ಮಿಸೆಸ್ ಮೂರ್ ಆದ ಪೆಗಿ ಆಶ್‌ಕ್ರಾಫ್ಟ್ ಮತ್ತು ಸಂಗೀತದ ಮೋರಿಸ್ ಜಾರ್ ಪ್ರಶಸ್ತಿಯನ್ನು ಗೆದ್ದರು. ಹದಿನಾಲ್ಕು ವರ್ಷ ಸುಮ್ಮನಿದ್ದು, 75 ದಾಟಿದ ಮೇಲೆ ಲೀನ್ ಮಾಡಿದ ಈ ಚಿತ್ರವೇ ಅವರ ಕೊನೆಯದಾಯಿತು. ಚಿತ್ರಕಥೆಯನ್ನೂ ಸಂಕಲನವನ್ನೂ ಅವರೇ ಮಾಡಿದ್ದರು.

ಊರನ್ನೇ ಬದಲಿಸಿ ಗೆದ್ದ ಈ ಚಿತ್ರ ನೆನೆದಾಗ ಊರು ಬದಲಿಸಿ ಲೇಖಕನನ್ನು ನೋಯಿಸಿದ ಇನ್ನೊಂದು ಚಿತ್ರ ನೆನಪಾಗುತ್ತದೆ. ಆರ್.ಕೆ. ನಾರಾಯಣ್ 1930ರಲ್ಲಿ, ಬೆಂಗಳೂರಿನಲ್ಲಿರುವಾಗ, ವಿಜಯದಶಮಿಯ ದಿನ ಮಾಲ್ಗುಡಿ ಎಂಬ ಊರಿನ ಮೊದಲ ಸಾಲು ಬರೆದರು. ಅವರ ‘ಗೈಡ್’ 1965ರಲ್ಲಿ ಹಿಂದಿ ಚಿತ್ರವಾದಾಗ ನಾರಾಯಣ್ ಚಿತ್ರತಂಡವನ್ನು ಮೈಸೂರು ಸುತ್ತಲಿನ ಹೊಳೆ, ಬೆಟ್ಟ, ಹಳ್ಳಿಗಳಿಗೆಲ್ಲ ಕರೆದೊಯ್ದು ತೋರಿಸಿದರು. ತಂಡದವರು ಎಲ್ಲವನ್ನೂ ನೋಡಿ ಕೊನೆಗೆ ಕಥೆಯನ್ನು ರಾಜಸ್ಥಾನಕ್ಕೆ ಒಯ್ದರು. ನಾರಾಯಣ್ ಆ ಬೇಸರವನ್ನು ಬರೆದೇ ಇಟ್ಟರು. ಬಂಕಿಪುರ ಬೆಂಗಳೂರಿಗೆ ಬಂದರೆ ಒಪ್ಪುತ್ತದೆ, ಮಾಲ್ಗುಡಿ ಉದಯಪುರಕ್ಕೆ ಹೋದರೆ ಒಪ್ಪುವುದಿಲ್ಲ, ಯಾಕೆ? ಅರಮನೆಯ ಮೈದಾನದಲ್ಲಿ ನಿಂತು ನನಗೆ ಹೊಳೆದದ್ದು ಇಷ್ಟು: ಕಾದಂಬರಿಯ ಊರಿಗೆ ಒಂದು ಜಿಲ್ಲೆಯಿದೆ, ಒಂದು ಸ್ವಭಾವವಿದೆ. ಜಿಲ್ಲೆಯನ್ನು ಬದಲಿಸಬಹುದು, ಸ್ವಭಾವವನ್ನು ಬದಲಿಸಬಾರದು. ಚಂದ್ರಪುರದ ಸ್ವಭಾವ ಅದರ ಒಡಕು, ಆ ಒಡಕು ಬೆಂಗಳೂರಿನಲ್ಲಿತ್ತು. ಮಾಲ್ಗುಡಿಯ ಸ್ವಭಾವ ಅದರ ಪುಟ್ಟತನದ ಸೊಗಸು, ರಾಜಸ್ಥಾನದ ವೈಭವದಲ್ಲಿ ಅದು ಕರಗಿಹೋಯಿತು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಆಗುಂಬೆಯನ್ನು ಹುಡುಕಿಕೊಂಡು ಹೋಗಿ, ಮಳೆಗೆ ನೆಂದ ಹಂಚಿನ ಮನೆಗಳನ್ನೂ ಅರಸಾಳಿನ ಪುಟ್ಟ ರೈಲು ನಿಲ್ದಾಣವನ್ನೂ ತೋರಿಸಿದಾಗ ಮಾಲ್ಗುಡಿ ಮನೆಗೆ ಮರಳಿತು.

ಚಂದ್ರಪುರದ ಗುಹೆಗಳು ಬಾಕಿ ಇದ್ದವು. ಅವಕ್ಕಾಗಿ ಇನ್ನೊಂದು ಬೆಳಗ್ಗೆ ಮಾಗಡಿ ದಾರಿಯಲ್ಲಿ ಸಾವನದುರ್ಗಕ್ಕೆ ಹೋದೆ. ಕಾದಂಬರಿಯ ಮರಬಾರ್ ಗುಹೆಗಳಿಗೆ ಮೂಲ ಗಯಾ ಸಮೀಪದ ಬರಾಬರ್ ಗುಹೆಗಳು, ಅಶೋಕನ ಕಾಲದವು. ಒಳಗೋಡೆಗಳನ್ನು ಕನ್ನಡಿಯಂತೆ ನುಣುಪು ಮಾಡಿದ್ದಾರೆ. ಕಡ್ಡಿ ಗೀರಿದರೆ ಕಲ್ಲಿನೊಳಗಿನಿಂದ ಇನ್ನೊಂದು ಜ್ವಾಲೆ ಎದುರುಬರುತ್ತದೆ. ಆದರೆ ಹೊರಗಿನ ನೋಟ ಲೀನ್ ಅವರಿಗೆ ಸಾಲದಾಯಿತು. ಸಾವನದುರ್ಗ ಮತ್ತು ರಾಮನಗರದ ಬಂಡೆಗಳಲ್ಲಿ ಗುಹೆಯ ಬಾಯಿಗಳನ್ನು ಕೊರೆಸಿ, ಒಳಭಾಗವನ್ನು ಇಂಗ್ಲೆಂಡಿನ ಸ್ಟುಡಿಯೊದಲ್ಲಿ ಚಿತ್ರಿಸಿದರು. ಬೆಟ್ಟದ ಬುಡದಲ್ಲಿ ಕಡಲೆಕಾಯಿ ಮಾರುತ್ತಿದ್ದ ಅಜ್ಜನನ್ನು, “ಇಲ್ಲಿ ಇಂಗ್ಲಿಷ್ ಸಿನಿಮಾ ಶೂಟಿಂಗ್ ಆಗಿತ್ತಂತಲ್ಲ ತಾತ?” ಎಂದೆ. “ಶೋಲೆ ಆಗಿದ್ದು ರಾಮ್‌ನಗರ್ದಾಗೆ ಕಣಪ್ಪ” ಎಂದು ದಾರಿ ತೋರಿಸಿದರು. ತಲೆಯೆತ್ತಿದೆ. ವೀರಭದ್ರ ಮತ್ತು ನರಸಿಂಹಸ್ವಾಮಿ ಗುಡಿಗಳ ಹಿಂದೆ ಒಂದೇ ಬಂಡೆ, ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ತುದಿಯವರೆಗೆ. ನೋಟ ಅದರ ಮೇಲೆ ಹಿಡಿತ ಸಿಗದೆ ಜಾರುತ್ತದೆ. ಮನುಷ್ಯರ ಕ್ಲಬ್ಬು, ಕಚೇರಿ, ನ್ಯಾಯಾಲಯಗಳಿಗೆಲ್ಲ ಉತ್ತರ ಕೊಡದೆ ಕುಳಿತ ಕಲ್ಲು. ಫಾರ್ಸ್ಟರ್ ಕಂಡ ಅನಾದಿತನವನ್ನು ಕ್ಯಾಮೆರಾ ಹುಡುಕಿಕೊಂಡು ಬಂದದ್ದು ಸರಿಯಾದ ವಿಳಾಸಕ್ಕೇ.

ಆದರೂ ಸಿನಿಮಾ ಒಂದು ಕಡೆ ಕಾದಂಬರಿಯನ್ನು ಕೈಬಿಟ್ಟಿತು. ಗುಹೆಯ ಪ್ರತಿಧ್ವನಿ ಪುಸ್ತಕದಲ್ಲಿ ಮಿಸೆಸ್ ಮೂರ್ ಅವರ ನಂಬಿಕೆಯನ್ನೇ ಕೊರೆದುಹಾಕುತ್ತದೆ. ಒಳ್ಳೆಯದು ಕೆಟ್ಟದ್ದು ಎಲ್ಲಕ್ಕೂ ಒಂದೇ ಸದ್ದು. ಧ್ವನಿಮುದ್ರಣದಲ್ಲಿ ಅದು ದೊಡ್ಡದಾಗುತ್ತದೆಯೇ ಹೊರತು ಅಷ್ಟು ಆಳಕ್ಕಿಳಿಯುವುದಿಲ್ಲ. ಕೊನೆಯೂ ಬೇರೆ. ಕಾದಂಬರಿಯಲ್ಲಿ ಅಜೀಜ್ ಮತ್ತು ಅವನ ಬ್ರಿಟಿಷ್ ಗೆಳೆಯ ಫೀಲ್ಡಿಂಗ್ ಸ್ನೇಹ ಬಯಸಿದರೂ ಕುದುರೆಗಳು, ನೆಲ, ಆಕಾಶ ಅವರನ್ನು ಬೇರೆ ಮಾಡುತ್ತವೆ. ಸ್ವಾತಂತ್ರ್ಯ ಬರದೆ ಸ್ನೇಹ ಸಾಧ್ಯವಿಲ್ಲವೆಂಬ ಕಟುಸತ್ಯ ಅದು. ಲೀನ್ ಅವರನ್ನು ಕಾಶ್ಮೀರದ ಹಿಮದ ಹಿನ್ನೆಲೆಯಲ್ಲಿ ರಾಜಿಯಾಗಿಸಿದರು. ಕ್ಲಬ್ಬಿನ ಆ ಏಳೆಂಟು ಹೆಜ್ಜೆಯನ್ನು ಅಷ್ಟು ಕಾಳಜಿಯಿಂದ ತೋರಿಸಿದವರು ಕೊನೆಗೆ ಅದನ್ನು ಇಲ್ಲವಾಗಿಸಿದ್ದು ನನಗೆ ಇಂದಿಗೂ ಒಪ್ಪಿಗೆಯಿಲ್ಲ.

ಅದು ನನ್ನ ಬೆರಗನ್ನು ಕಡಿಮೆ ಮಾಡಲಿಲ್ಲ, ಒಂದು ಹಂಬಲ ಹುಟ್ಟಿಸಿತು. ಪರದೇಶದ ಕಾದಂಬರಿಯೊಂದಕ್ಕೆ ನಮ್ಮ ಮೊಗಸಾಲೆ, ಮೈದಾನ, ಬಂಡೆಗಳು ಇಷ್ಟು ಕೊಟ್ಟಿವೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬೆಂಗಳೂರಿನ ಕಲಾಗ್ರಾಮದಲ್ಲಿ ನಾಟಕವಾದಾಗ ಜನ ಇರುಳಿಡೀ ಎದ್ದು ಕುಳಿತು ನೋಡಿದರು. ಅಂಥ ಕಾದಂಬರಿಗಳನ್ನು ಕಂತುಕಂತಾಗಿ, ಕನ್ನಡದಲ್ಲೇ, ಅವುಗಳ ಸ್ವಭಾವದ ನೆಲವನ್ನು ಹುಡುಕಿ ತೆಗೆಯಲು ಇದು ತಕ್ಕ ಕಾಲ. ಯಾರಾದರೂ ಆ ಕೆಲಸಕ್ಕೆ ಕೈಹಾಕುವುದಾದರೆ ನನ್ನದೊಂದೇ ಬೇಡಿಕೆ: ಚಿತ್ರಕಥೆ ಬರೆಯುವ ಮೊದಲು ಕಾದಂಬರಿಯನ್ನು ಕೈಯಲ್ಲಿ ಹಿಡಿದು ಊರು ಸುತ್ತಿ. ಒಂದು ವಾಕ್ಯದ ಭಾರ ಎಷ್ಟು ಹೆಜ್ಜೆ ಎಂಬುದು ನಡೆದವರಿಗಷ್ಟೇ ಗೊತ್ತಾಗುತ್ತದೆ.